ಫುಟ್‌ಬಾಲ್ ಆಟಗಾರ್ತಿಯರಿಗೆ ಜಿಗಿತದ ತರಬೇತಿ ಮತ್ತು ಕ್ರಿಯಾಟಿನ್

ಗೋಕುಲಂ ಕೇರಳ ತಂಡ ಭಾರತೀಯ ಮಹಿಳಾ ಲೀಗನ್ನು 2020, 2022, 2023ರಲ್ಲಿ ಗೆದ್ದಿದೆ. ಅಂಥ ಕನಸು ಹೊತ್ತ ನಿಮ್ಮ ಮಗಳು, ಏಲೂರಿನಲ್ಲಿರಲಿ ತಿರುವನಂತಪುರದಲ್ಲಿರಲಿ, ಕ್ರಿಯಾಟಿನ್ ಡಬ್ಬಿ ಬೇಕೆಂದರೆ ಮೊದಲು ಅವಳ ತರಬೇತಿಯನ್ನು ವಿಚಾರಿಸಿ.

ಪೆಟ್ಟಿಗೆಯಿಂದ ಕೆಳಗಿಳಿದು ತಕ್ಷಣ ಮೇಲಕ್ಕೆ ನೆಗೆಯುವಂಥ ವ್ಯಾಯಾಮ ಕಾಲಿನ ಸ್ನಾಯುಗಳಿಗೆ ಥಟ್ಟನೆ ಬಲ ಹಾಕುವುದನ್ನು ಕಲಿಸುತ್ತದೆ. ಕ್ರಿಯಾಟಿನ್ ಸ್ನಾಯುವಿನಲ್ಲಿ ಕ್ಷಣಾರ್ಧದ ಶ್ರಮಕ್ಕೆ ಬೇಕಾದ ಶಕ್ತಿಯ ದಾಸ್ತಾನು ಹೆಚ್ಚಿಸುತ್ತದೆ. 30 ಆಟಗಾರ್ತಿಯರ ಮೇಲೆ ಆರು ವಾರ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರೀ ಜಿಗಿತದಿಂದಲೇ ವೇಗ, ದಮ್ಮು ಎರಡೂ ಸುಧಾರಿಸಿದವು. ಕ್ರಿಯಾಟಿನ್ ಕೂಡ ತೆಗೆದುಕೊಂಡವರಿಗೆ ಜಿಗಿತದಲ್ಲಿ, ಪದೇಪದೇ ಜೋರಾಗಿ ಓಡುವುದರಲ್ಲಿ ಇನ್ನಷ್ಟು ಲಾಭವಾಯಿತು. ಸಣ್ಣ ಅಧ್ಯಯನ, ಅಷ್ಟೇ ನಂಬಿ.

ದಿನಕ್ಕೆ 3ರಿಂದ 5 ಗ್ರಾಂ ಸಾಮಾನ್ಯ ಪ್ರಮಾಣ. ಸ್ನಾಯು ನೀರು ಹಿಡಿಯುವುದರಿಂದ ತೂಕ ಸ್ವಲ್ಪ ಏರಬಹುದು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ತುಸು ಹೆಚ್ಚು ಕಂಡು ಕಿಡ್ನಿಯ ಬಗ್ಗೆ ಗಾಬರಿ ಹುಟ್ಟುವುದೂ ಉಂಟು. ಪುಡಿ ತೆಗೆದುಕೊಳ್ಳುತ್ತಿರುವುದನ್ನು ವೈದ್ಯರಿಗೆ ಮೊದಲೇ ಹೇಳಿ. ಕಿಡ್ನಿ ಕಾಯಿಲೆ ಇದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ವಯಸ್ಸು 18 ದಾಟಿಲ್ಲದಿದ್ದರೆ ಅವರನ್ನು ಕೇಳದೆ ಬೇಡ.

ಇನ್ನೊಂದು ಮಾತು: ಮುಟ್ಟಿನ ಸ್ರಾವ ಹೆಚ್ಚಿದ್ದು, ಮಗಳು ಬೇಗ ಸುಸ್ತಾಗುತ್ತಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆಯನ್ನು ಈ ಪುಡಿ ನೀಗಿಸುವುದಿಲ್ಲ.