ಕರೆಗೆ ಓಗೊಡದ ಮಾದರಿ ರೈಲು ಇಂಜಿನ್: ದೋಷ ಪತ್ತೆಹಚ್ಚುವ ಕ್ರಮ

ಮೈಸೂರು ರೈಲು ನಿಲ್ದಾಣದ ಸಮೀಪ, ಕೃಷ್ಣರಾಜಸಾಗರ ರಸ್ತೆಯಲ್ಲಿ 1979ರಲ್ಲಿ ಸ್ಥಾಪನೆಗೊಂಡ ರೈಲ್ವೆ ವಸ್ತುಸಂಗ್ರಹಾಲಯವು ಹಳೆಯ ಉಗಿ ಇಂಜಿನ್‌ಗಳನ್ನೂ ಮಹಾರಾಣಿಯವರ ಸಲೂನ್ ಬೋಗಿಯನ್ನೂ ಕಾಪಾಡಿಕೊಂಡು ಬಂದಿದೆ. ಅಲ್ಲಿರುವಂಥ ಉಗಿ ಇಂಜಿನ್ ಚಲಿಸಲು ಬೆಂಕಿ, ನೀರು ಮತ್ತು ನುರಿತ ಕೆಲಸಗಾರರು ಬೇಕಾಗಿದ್ದರು. ಮನೆಯ ಮೇಜಿನ ಮೇಲೆ ಓಡುವ ಇಂದಿನ ಮಾದರಿ ಇಂಜಿನ್‌ಗೆ ಬೇಕಾದದ್ದು ಹಳಿಯಲ್ಲಿ ಹರಿಯುವ ಅಲ್ಪ ವಿದ್ಯುತ್ತು ಹಾಗೂ ಅದರೊಳಗೆ ಅಡಕವಾಗಿರುವ ಒಂದು ಸಂಕೇತ ಮಾತ್ರ. ಆ ಸಂಕೇತ ತಲುಪದಿದ್ದಾಗ ರಿಮೋಟ್‌ನ ಪರದೆಯ ಮೇಲೆ ‘ಡಿಕೋಡರ್ ಪತ್ತೆಯಾಗಿಲ್ಲ’ ಎಂಬರ್ಥದ ಸಂದೇಶ ಮೂಡುತ್ತದೆ. ಇಂಜಿನ್ ನಿಂತಲ್ಲೇ ನಿಲ್ಲುತ್ತದೆ.

ಇಂತಹ ಇಂಜಿನ್‌ಗಳು ಬಹುಪಾಲು ಹೊರದೇಶದಿಂದ ಬಂದವು. ಬಿಡಿಭಾಗಗಳು ಸುಲಭವಾಗಿ ದೊರೆಯುವುದಿಲ್ಲ. ಆದ್ದರಿಂದ ಕೆಟ್ಟಿದೆಯೆಂದು ಅವಸರದಲ್ಲಿ ತೀರ್ಮಾನಿಸಿ ಮೇಲ್ಕವಚ ಕಳಚಿದರೆ, ಕೆಡದಿದ್ದ ಇಂಜಿನ್ ನಿಜವಾಗಿಯೂ ಕೆಡುವ ಅಪಾಯವಿದೆ. ಪತ್ತೆಯಾಗದ ಇಂಜಿನ್ ಸತ್ತ ಇಂಜಿನ್ ಆಗಿರಲೇಬೇಕೆಂದಿಲ್ಲ. ವಿದ್ಯುತ್ತು, ವಿಳಾಸ, ಮರುನುಡಿ ಎಂಬ ಮೂರು ಕೊಂಡಿಗಳಲ್ಲಿ ಯಾವುದು ಕಳಚಿದೆಯೆಂದು ಅನುಕ್ರಮವಾಗಿ ನೋಡಿದರೆ ಬಹಳಷ್ಟು ದೋಷಗಳು ಒಂದು ತಿರುಪನ್ನೂ ಬಿಚ್ಚದೆ ಪರಿಹಾರವಾಗುತ್ತವೆ.

ಏನಿದು ಡಿಸಿಸಿ?

ಡಿಜಿಟಲ್ ಕಮ್ಯಾಂಡ್ ಕಂಟ್ರೋಲ್ ಎಂಬುದರ ಹ್ರಸ್ವರೂಪವೇ ಡಿಸಿಸಿ. ಜರ್ಮನಿಯ ಲೆಂಜ್ ಸಂಸ್ಥೆ ರೂಪಿಸಿದ ವಿಧಾನವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಇದನ್ನು ಸಮಾನ ಮಾನಕವನ್ನಾಗಿ ಮಾಡಿತು. ಹಳೆಯ ಪದ್ಧತಿಯಲ್ಲಿ ಹಳಿಗೆ ನೀಡುವ ವೋಲ್ಟೇಜ್ ಏರಿಸಿದರೆ ಹಳಿಯ ಮೇಲಿರುವ ಎಲ್ಲ ಇಂಜಿನ್‌ಗಳೂ ಒಟ್ಟಿಗೆ ಓಡುತ್ತಿದ್ದವು. ಡಿಸಿಸಿಯಲ್ಲಿ ಹಳಿಗೆ ಸದಾ ಪೂರ್ಣ ವೋಲ್ಟೇಜ್ ಇರುತ್ತದೆ. ನಿಜರೈಲಿನ 87ನೇ ಒಂದು ಭಾಗದಷ್ಟಿರುವ ಎಚ್‌ಒ ಅಳತೆಯ ಮಾದರಿಗಳಲ್ಲಿ ಇದು ಸಾಮಾನ್ಯವಾಗಿ 14ರಿಂದ 16 ವೋಲ್ಟ್. ಯಾವ ಇಂಜಿನ್ ಎಷ್ಟು ವೇಗದಲ್ಲಿ ಹೋಗಬೇಕೆಂಬ ಆಜ್ಞೆ ಅದೇ ವಿದ್ಯುತ್ತಿನ ಧ್ರುವ ಬದಲಾವಣೆಯಲ್ಲಿ ಅಡಗಿರುತ್ತದೆ. ಧ್ರುವ 58 ಮೈಕ್ರೋಸೆಕೆಂಡಿಗೊಮ್ಮೆ ಬದಲಾದರೆ ‘ಒಂದು’ ಎಂದೂ, 100 ಮೈಕ್ರೋಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಂಡರೆ ‘ಸೊನ್ನೆ’ ಎಂದೂ ಇಂಜಿನ್ನಿನೊಳಗಿನ ಡಿಕೋಡರ್ ಓದಿಕೊಳ್ಳುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡುವುದು ಅಗತ್ಯ. ಸಾಮಾನ್ಯ ಡಿಸಿಸಿಯಲ್ಲಿ ಕೈಯಲ್ಲಿರುವ ರಿಮೋಟ್ ಇಂಜಿನ್‌ನೊಡನೆ ನೇರವಾಗಿ ಮಾತನಾಡುವುದಿಲ್ಲ. ಅದು ಮಾತನಾಡುವುದು ನಿಯಂತ್ರಣ ಪೆಟ್ಟಿಗೆಯೊಡನೆ. ಪೆಟ್ಟಿಗೆಯು ಹಳಿಯ ಮೂಲಕ ಇಂಜಿನ್‌ಗೆ ಆಜ್ಞೆ ಕಳುಹಿಸುತ್ತದೆ. ಅಲ್ಲದೆ ಹಳಿಯ ಮೇಲೆ ಯಾವ ಇಂಜಿನ್ ಇದೆಯೆಂದು ಪೆಟ್ಟಿಗೆ ಹುಡುಕುವುದೂ ಇಲ್ಲ. ಅದು ಸಂಖ್ಯೆ ಹಿಡಿದು ಕೂಗುತ್ತದೆ. ಆ ಸಂಖ್ಯೆ ತನ್ನದೆಂದು ಬಲ್ಲ ಇಂಜಿನ್ ಮಾತ್ರ ಕದಲುತ್ತದೆ. ಇಂಜಿನ್ ತಾನಾಗಿಯೇ ಹೆಸರು ನೋಂದಾಯಿಸಿಕೊಳ್ಳುವ ಸೌಲಭ್ಯ ಮಾರ್ಕ್ಲಿನ್ ಸಂಸ್ಥೆಯ ಎಂಎಫ್‌ಎಕ್ಸ್‌ನಂತಹ ಕೆಲವು ಪದ್ಧತಿಗಳಿಗೆ ಸೀಮಿತ.

ಮೊದಲ ಕೊಂಡಿ: ವಿದ್ಯುತ್ತು

ಪರೀಕ್ಷೆಯನ್ನು ಇಂಜಿನ್‌ನಿಂದಲ್ಲ, ಗೋಡೆಯ ಪ್ಲಗ್‌ನಿಂದ ಆರಂಭಿಸಬೇಕು. ಅಮೆರಿಕದಿಂದ ಬಂಧುಗಳು ತಂದುಕೊಟ್ಟ ಅಡಾಪ್ಟರ್‌ಗಳಲ್ಲಿ ಕೆಲವು ಅಲ್ಲಿನ 120 ವೋಲ್ಟ್‌ಗೆ ಮಾತ್ರ ಹೊಂದುತ್ತವೆ. ನಮ್ಮ ಮನೆಗಳಲ್ಲಿರುವುದು 230 ವೋಲ್ಟ್. ಅಡಾಪ್ಟರ್‌ನ ಬೆನ್ನ ಮೇಲೆ 100ರಿಂದ 240 ವೋಲ್ಟ್ ಎಂದು ನಮೂದಾಗಿರದಿದ್ದರೆ ಅದನ್ನು ಪ್ಲಗ್‌ಗೆ ಸಿಕ್ಕಿಸಕೂಡದು.

ಬಳಿಕ, ಸರಿಯಾಗಿ ಓಡುವ ಮತ್ತೊಂದು ಇಂಜಿನ್ ಇದ್ದರೆ ಅದನ್ನು ಅದೇ ಜಾಗದಲ್ಲಿಟ್ಟು ಓಡಿಸಬೇಕು. ಅದೂ ಓಡದಿದ್ದರೆ ದೋಷ ಹಳಿಯಲ್ಲಿ ಅಥವಾ ಪೆಟ್ಟಿಗೆಯಲ್ಲಿದೆ. ಹಳಿಗೆ ವಿದ್ಯುತ್ತು ಸರಿಯಾಗಿ ತಲುಪುತ್ತಿದೆಯೇ ಎಂದು ತಿಳಿಯಲು ನಾಣ್ಯ ಪರೀಕ್ಷೆ ಉಪಯುಕ್ತ. ಎರಡು ಹಳಿಗಳಿಗೂ ತಾಗುವಂತೆ ಒಂದು ರೂಪಾಯಿ ನಾಣ್ಯವನ್ನು ಕ್ಷಣಮಾತ್ರ ಇಟ್ಟಾಗ ಪೆಟ್ಟಿಗೆಯು ಶಾರ್ಟ್ ಸರ್ಕಿಟ್ ಆಗಿದೆಯೆಂದು ಗ್ರಹಿಸಿ ಕೂಡಲೇ ವಿದ್ಯುತ್ತು ಕಡಿದುಹಾಕಬೇಕು. ಹಾಗಾಗದಿದ್ದರೆ ನಾಣ್ಯವನ್ನು ತಕ್ಷಣ ತೆಗೆದು, ತಂತಿ ತೀರ ತೆಳುವಾಗಿದೆಯೇ, ಹಳಿಗಳ ಜೋಡಣೆ ಸಡಿಲವಾಗಿದೆಯೇ ಎಂದು ನೋಡಬೇಕು. ಮಲ್ಟಿಮೀಟರ್ ಬಳಸುವವರು ಒಂದು ಸಂಗತಿ ಗಮನದಲ್ಲಿಡಬೇಕು: ಸಾಧಾರಣ ಮೀಟರ್ 50 ಹರ್ಟ್ಸ್‌ನ ಮನೆವಿದ್ಯುತ್ತಿಗೆ ಹೊಂದಿಸಿದ್ದಾದ್ದರಿಂದ ಡಿಸಿಸಿಯ ವೋಲ್ಟೇಜನ್ನು ನಿಖರವಾಗಿ ತೋರಿಸುವುದಿಲ್ಲ. ಒಂದು ಕಡೆಗೂ ಇನ್ನೊಂದು ಕಡೆಗೂ ಇರುವ ವ್ಯತ್ಯಾಸ ತಿಳಿಯಲು ಮಾತ್ರ ಅದು ಸಾಕು.

ಮತ್ತೊಂದು ಇಂಜಿನ್ ಓಡಿ ಇದೊಂದೇ ನಿಂತರೆ ಗಾಲಿಗಳನ್ನು ನೋಡಬೇಕು. ಬೇಸಗೆಯ ಧೂಳು, ಮಳೆಗಾಲದ ತೇವ, ಎಣ್ಣೆಯ ಜಿಡ್ಡು ಸೇರಿ ಗಾಲಿಯ ಅಂಚಿನಲ್ಲಿ ಕಪ್ಪು ಪದರ ಕಟ್ಟುತ್ತದೆ. ಇದು ವಿದ್ಯುತ್ತನ್ನು ತಡೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಹಳಿಯನ್ನೂ ಗಾಲಿಯನ್ನೂ ಒರೆಸಬೇಕು. ಅದು ಪೂರ್ತಿ ಆರಿದ ನಂತರವೇ ವಿದ್ಯುತ್ತು ಹಾಯಿಸಬೇಕು. ಉಪ್ಪುಕಾಗದದಿಂದ ಉಜ್ಜಿದರೆ ಗೀರುಗಳು ಬಿದ್ದು ಮುಂದೆ ಕೊಳೆ ಇನ್ನಷ್ಟು ಬೇಗ ಹಿಡಿಯುತ್ತದೆ. ಕೆಲವು ಗಾಲಿಗಳಿಗೆ ಹಿಡಿತಕ್ಕಾಗಿ ರಬ್ಬರ್ ಪಟ್ಟಿ ತೊಡಿಸಿರುತ್ತಾರೆ. ಅವುಗಳಿಂದ ವಿದ್ಯುತ್ತು ಒಳಹೋಗುವುದಿಲ್ಲ.

ಮೈಸೂರು ಸೀಮೆಯ ಹಳೆಯ ಮೀಟರ್ ಗೇಜ್ ರೈಲನ್ನು ಮಾದರಿಯಲ್ಲಿ ಕಾಣಬಯಸುವವರು ಈ ಭಾಗಕ್ಕೆ ವಿಶೇಷ ಗಮನ ಕೊಡಬೇಕು. ಒಂದು ಮೀಟರ್ ಅಗಲದ ಹಳಿ ಎಚ್‌ಒ ಅಳತೆಯಲ್ಲಿ ಸುಮಾರು 11.5 ಮಿಲಿಮೀಟರ್ ಆಗುತ್ತದೆ. ಮಾದರಿಗಳಲ್ಲಿ 12 ಮಿಲಿಮೀಟರ್ ಹಳಿಯನ್ನು ಬಳಸುತ್ತಾರೆ. ಈ ಅಳತೆಯ ಪುಟ್ಟ ಇಂಜಿನ್‌ಗಳು ತೂಕದಲ್ಲಿ ಹಗುರ. ಗಾಲಿಗಳು ಹಳಿಯನ್ನು ಗಟ್ಟಿಯಾಗಿ ಒತ್ತದ ಕಾರಣ ಸ್ವಲ್ಪ ಕೊಳೆಯಿದ್ದರೂ ಸಂಪರ್ಕ ತಪ್ಪುತ್ತದೆ.

ಎರಡನೆಯ ಕೊಂಡಿ: ವಿಳಾಸ

ವಿದ್ಯುತ್ತು ತಲುಪುತ್ತಿದ್ದರೂ ಇಂಜಿನ್ ಓಗೊಡದಿದ್ದರೆ ಅದನ್ನು ತಪ್ಪು ಹೆಸರಿನಿಂದ ಕರೆಯುತ್ತಿರುವ ಸಂಭವವಿದೆ. ಹೊಸ ಡಿಕೋಡರ್‌ನ ವಿಳಾಸ ಸಾಮಾನ್ಯವಾಗಿ 3. ಮೊದಲು ಅದನ್ನೇ ಪ್ರಯತ್ನಿಸಬೇಕು. ಬೇರೆಯವರ ಕೈಯಿಂದ ಬಂದ ಇಂಜಿನ್ ಆದರೆ ಅದರ ಮೈಮೇಲೆ ಬರೆದಿರುವ ಸಂಖ್ಯೆಯನ್ನೂ, ಆ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನೂ ಪ್ರಯತ್ನಿಸಿ ನೋಡಬಹುದು. ಕೆಲವು ಪೆಟ್ಟಿಗೆಗಳಲ್ಲಿ 3 ಎಂಬ ಕಿರುವಿಳಾಸವೂ 0003 ಎಂಬ ದೀರ್ಘವಿಳಾಸವೂ ಬೇರೆಬೇರೆ ಎಂಬುದನ್ನು ಮರೆಯಬಾರದು.

ಡಿಕೋಡರ್ ತನ್ನ ವಿವರಗಳನ್ನು ಸಿವಿ ಎಂಬ ಸಂಖ್ಯೆಯುಳ್ಳ ಕೋಶಗಳಲ್ಲಿ ಬರೆದಿಟ್ಟುಕೊಂಡಿರುತ್ತದೆ. ಪತ್ತೆಯಾಗದ ಇಂಜಿನ್‌ನ ವಿಷಯದಲ್ಲಿ ಮುಖ್ಯವಾದವು ಇವು:

ಸಿವಿ 1: ಕಿರುವಿಳಾಸ.

ಸಿವಿ 17 ಮತ್ತು 18: ದೀರ್ಘವಿಳಾಸ. ಎರಡು ಕೋಶಗಳೂ ಸೇರಿ ಒಂದು ಸಂಖ್ಯೆಯಾಗುತ್ತದೆ.

ಸಿವಿ 29: ಯಾವ ವಿಳಾಸಕ್ಕೆ ಓಗೊಡಬೇಕೆಂಬ ನಿರ್ಧಾರ ಇಲ್ಲಿದೆ. ವೇಗದ 28 ಅಥವಾ 128 ಹಂತಗಳಿಗೆ 2, ಹಳೆಯ ಡಿಸಿ ಹಳಿಯಲ್ಲೂ ಓಡಲು 4, ದೀರ್ಘವಿಳಾಸಕ್ಕೆ 32 ಎಂದು ಕೂಡಿಸುತ್ತಾರೆ. ಹೀಗೆ ಕಿರುವಿಳಾಸವಾದರೆ 6, ದೀರ್ಘವಿಳಾಸವಾದರೆ 38 ಎಂಬುದು ಸಾಮಾನ್ಯ ಮೌಲ್ಯ. ಸಿವಿ 1ರಲ್ಲಿ 3 ಎಂದಿದ್ದರೂ ಸಿವಿ 29ರಲ್ಲಿ 38 ಇದ್ದರೆ 3 ಎಂದು ಎಷ್ಟು ಕರೆದರೂ ಇಂಜಿನ್ ಕದಲದು.

ಸಿವಿ 19: ಎರಡು ಇಂಜಿನ್‌ಗಳನ್ನು ಒಂದೇ ರೈಲಿಗೆ ಹೂಡಿದಾಗ ಬಳಸುವ ಜೋಡಿವಿಳಾಸ. ಜೋಡಿ ಬಿಡಿಸಿದ ಮೇಲೆ ಇದನ್ನು 0 ಮಾಡಲು ಮರೆತರೆ ಇಂಜಿನ್ ತನ್ನ ಸ್ವಂತ ವಿಳಾಸಕ್ಕೆ ಬರುವ ವೇಗದ ಆಜ್ಞೆಯನ್ನು ಲೆಕ್ಕಿಸುವುದಿಲ್ಲ. ದೀಪ ಉರಿಯುತ್ತದೆ, ಆದರೆ ಬಂಡಿ ಹೊರಡುವುದಿಲ್ಲ ಎಂಬ ದೂರಿಗೆ ಇದು ಮುಖ್ಯ ಕಾರಣಗಳಲ್ಲಿ ಒಂದು.

ಸಿವಿ 15 ಮತ್ತು 16: ಕೆಲವು ಡಿಕೋಡರ್‌ಗಳಲ್ಲಿರುವ ಬೀಗ. ಇವೆರಡರ ಮೌಲ್ಯ ಹೊಂದಿಕೆಯಾಗದಿದ್ದರೆ ಬೇರಾವ ಕೋಶವನ್ನೂ ಓದಲಾಗದು, ಬದಲಿಸಲಾಗದು.

ಮೂರನೆಯ ಕೊಂಡಿ: ಮರುನುಡಿ

ಸಿವಿಗಳನ್ನು ಓದಲು ಮುಖ್ಯ ಹಳಿಯಿಂದ ಬೇರ್ಪಡಿಸಿದ ಒಂದು ತುಂಡು ಹಳಿಯನ್ನು ಬಳಸುತ್ತಾರೆ. ಇದಕ್ಕೆ ಪ್ರೋಗ್ರಾಮಿಂಗ್ ಹಳಿ ಎಂದು ಹೆಸರು. ಇಲ್ಲಿ ಪೆಟ್ಟಿಗೆಯು ‘ನಿನ್ನ ಈ ಕೋಶದಲ್ಲಿ ಇಂತಹ ಮೌಲ್ಯವಿದೆಯೇ’ ಎಂದು ಕೇಳುತ್ತದೆ. ಹೌದಾದರೆ ಡಿಕೋಡರ್ ಸುಮಾರು 6 ಮಿಲಿಸೆಕೆಂಡ್ ಕಾಲ ಕನಿಷ್ಠ 60 ಮಿಲಿಆಂಪಿಯರ್‌ನಷ್ಟು ಹೆಚ್ಚುವರಿ ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಆ ಏರಿಕೆಯೇ ಉತ್ತರ. ಇದಕ್ಕೆ ಡಿಕೋಡರ್ ಸಾಮಾನ್ಯವಾಗಿ ಬಳಸುವುದು ಇಂಜಿನ್‌ನ ಮೋಟರನ್ನೇ. ಓದುವಾಗ ಇಂಜಿನ್ ಸಣ್ಣಗೆ ಅದುರುವುದು ಆ ಕಾರಣದಿಂದ.

ಆದ್ದರಿಂದ ‘ಪತ್ತೆಯಾಗಿಲ್ಲ’ ಎಂಬ ಸಂದೇಶದ ಅರ್ಥ ಡಿಕೋಡರ್ ಇಲ್ಲವೆಂದಾಗಲೀ ಸುಟ್ಟಿದೆಯೆಂದಾಗಲೀ ಅಲ್ಲ; ಉತ್ತರ ಕೇಳಿಸಲಿಲ್ಲ ಎಂದಷ್ಟೇ. ಮೋಟರಿನ ತಂತಿ ಬಿಟ್ಟಿದ್ದರೆ, ಗಾಲಿ ಕೊಳೆಯಾಗಿದ್ದರೆ, ಮೋಟರ್ ತೀರ ಕಡಿಮೆ ವಿದ್ಯುತ್ತು ಎಳೆಯುವಂಥದ್ದಾಗಿದ್ದರೆ ಉತ್ತರ ಕೇಳಿಸದು. ಧ್ವನಿ ಹೊರಡಿಸುವ ಡಿಕೋಡರ್‌ಗಳಲ್ಲಿರುವ ಕೆಪಾಸಿಟರ್‌ಗಳು ಆರಂಭದಲ್ಲೇ ಹೆಚ್ಚು ವಿದ್ಯುತ್ತು ಬೇಡುವುದರಿಂದ ಕೆಲವು ಪೆಟ್ಟಿಗೆಗಳು ಅವನ್ನು ಓದಲಾರವು.

ಓದಲಾಗದಿದ್ದರೂ ಬರೆಯಲು ಸಾಧ್ಯ ಎಂಬುದು ಇಲ್ಲಿನ ಅತ್ಯಂತ ಉಪಯುಕ್ತ ಅಂಶ. ಪ್ರೋಗ್ರಾಮಿಂಗ್ ಹಳಿಯ ಮೇಲಿನ ಆಜ್ಞೆಗೆ ವಿಳಾಸದ ಅಗತ್ಯವಿಲ್ಲ. ಸಿವಿ 19ಕ್ಕೆ 0, ಸಿವಿ 1ಕ್ಕೆ 3, ಸಿವಿ 29ಕ್ಕೆ 6 ಎಂದು ಬರೆದು, ಪೆಟ್ಟಿಗೆ ತೋರಿಸುವ ದೋಷದ ಸಂದೇಶವನ್ನು ಲೆಕ್ಕಿಸದೆ, ಇಂಜಿನ್ನನ್ನು ಮುಖ್ಯ ಹಳಿಗೆ ತಂದು 3 ಎಂದು ಕರೆಯಬೇಕು. ಫಲ ಸಿಗದಿದ್ದರೆ ಡಿಕೋಡರನ್ನು ಮೂಲಸ್ಥಿತಿಗೆ ತರಬಹುದು. ಹಲವು ತಯಾರಕರ ಡಿಕೋಡರ್‌ಗಳಲ್ಲಿ ಸಿವಿ 8ಕ್ಕೆ 8 ಎಂದು ಬರೆದರೆ ಇದು ಆಗುತ್ತದೆ. ಕೆಲವರದರಲ್ಲಿ ಸಿವಿ 30ಕ್ಕೆ 2 ಎಂದು ಬರೆಯಬೇಕು.

ಒಂದು ಎಚ್ಚರಿಕೆ: ಪ್ರೋಗ್ರಾಮಿಂಗ್ ಹಳಿಯ ಮೇಲೆ ಒಂದೇ ಇಂಜಿನ್ ಇರಬೇಕು. ಪ್ರೋಗ್ರಾಮಿಂಗ್ ತಂತಿಗಳನ್ನು ಮುಖ್ಯ ಹಳಿಗೇ ಜೋಡಿಸಿ ಬರೆದರೆ ಅಲ್ಲಿರುವ ಎಲ್ಲ ಇಂಜಿನ್‌ಗಳ ವಿಳಾಸವೂ ಒಂದೇ ಆಗಿಬಿಡುತ್ತದೆ.

ಕವಚ ತೆರೆಯುವ ಮುನ್ನ, ತೆರೆದ ಮೇಲೆ

ಕೊನೆಯ ಹೊರಪರೀಕ್ಷೆ ಹಳೆಯ ಡಿಸಿ ನಿಯಂತ್ರಕದ್ದು. ಸಿವಿ 29ರಲ್ಲಿ 4 ಸೇರಿರುವ ಇಂಜಿನ್ ಡಿಸಿ ಹಳಿಯ ಮೇಲೂ ಓಡಬೇಕು. ಹಾಗೆ ಓಡಿದರೆ ಗಾಲಿ, ತಂತಿ, ಮೋಟರ್ ಎಲ್ಲವೂ ಸರಿಯಿವೆ. ದೋಷ ವಿಳಾಸದಲ್ಲಿ ಮಾತ್ರ. ಇದಕ್ಕೆ ವಿರುದ್ಧವಾದ ಪ್ರಯೋಗ ಸಲ್ಲದು. ಡಿಕೋಡರ್ ಇಲ್ಲದ ಹಳೆಯ ಇಂಜಿನ್ನನ್ನು ಡಿಸಿಸಿ ಹಳಿಯ ಮೇಲೆ ನಿಲ್ಲಿಸಿದರೆ ಅದರ ಮೋಟರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಕೋರ್‌ಲೆಸ್ ಬಗೆಯ ಮೋಟರ್ ಸುಟ್ಟೇಹೋಗಬಹುದು. ‘ಡಿಸಿಸಿ ರೆಡಿ’ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಡಿಕೋಡರ್ ಇದೆ ಎಂದರ್ಥವಲ್ಲ, ಅದನ್ನು ಕೂರಿಸಲು ಜಾಗವಿದೆ ಎಂದರ್ಥ.

ಕವಚ ತೆರೆಯುವುದು ಅನಿವಾರ್ಯವಾದರೆ ಮೊದಲು ಡಿಕೋಡರ್‌ನ ಪ್ಲಗ್ ಪೂರ್ತಿ ಕೂತಿದೆಯೇ ನೋಡಬೇಕು. ಎಂಟು ಕಡ್ಡಿಗಳ ಪ್ಲಗ್ಗನ್ನು ತಿರುಗುಮುರುಗಾಗಿ ಸಿಕ್ಕಿಸಿದ್ದರೆ ಇಂಜಿನ್ ಓಡುತ್ತದೆ, ಆದರೆ ದೀಪಗಳು ಉರಿಯುವುದಿಲ್ಲ. ತಂತಿಗಳ ಬಣ್ಣಕ್ಕೂ ಮಾನಕವಿದೆ: ಕೆಂಪು ಮತ್ತು ಕಪ್ಪು ಹಳಿಗೆ, ಕಿತ್ತಳೆ ಮತ್ತು ಬೂದು ಮೋಟರಿಗೆ, ಬಿಳಿ ಮುಂದೀಪಕ್ಕೆ, ಹಳದಿ ಹಿಂದೀಪಕ್ಕೆ, ನೀಲಿ ದೀಪಗಳೆಲ್ಲದರ ಸಮಾನ ತಂತಿ.

ಡಿಕೋಡರ್ ಸುಟ್ಟ ವಾಸನೆ ಬಂದರೂ ಕೂಡಲೇ ಹೊಸದನ್ನು ಹಾಕಬಾರದು. ಸುಟ್ಟ ಕಾರಣ ಇಂಜಿನ್‌ನಲ್ಲೇ ಉಳಿದಿದ್ದರೆ ಹೊಸದೂ ಅದೇ ಕ್ಷಣದಲ್ಲಿ ಸುಡುತ್ತದೆ. ಡಿಕೋಡರ್ ತೆಗೆದಿಟ್ಟು, ಮೋಟರಿನ ಎರಡು ತುದಿಗಳಿಗೂ ಗಾಲಿಗಳಿಗೂ ನಡುವೆ ಮೀಟರ್ ಹಿಡಿಯಬೇಕು. ಯಾವುದೇ ಸಂಪರ್ಕ ಕಂಡುಬಂದರೆ ಮೋಟರ್ ಚೌಕಟ್ಟಿಗೆ ತಾಗಿದೆಯೆಂದು ಅರ್ಥ. ಅದನ್ನು ಬೇರ್ಪಡಿಸಿದ ನಂತರವೇ ಹೊಸ ಡಿಕೋಡರ್ ಕೂರಿಸತಕ್ಕದ್ದು.

ಹೊಂದಿಕೆಯಾಗದ ಪದ್ಧತಿಗಳು

ಮೇಲಿನ ಎಲ್ಲವೂ ಸರಿಯಿದ್ದು ಇಂಜಿನ್ ಓಗೊಡದಿದ್ದರೆ ಅದು ಬೇರೆ ಪದ್ಧತಿಗೆ ಸೇರಿದ್ದಿರಬಹುದು. ಮಾರ್ಕ್ಲಿನ್‌ನ ಹಳೆಯ ಡಿಜಿಟಲ್ ಇಂಜಿನ್‌ಗಳಲ್ಲಿ ಹಲವು ಮೊಟೊರೋಲಾ ಸಂಕೇತವನ್ನಷ್ಟೇ ಅರಿಯುತ್ತವೆ. ಅವುಗಳ ಗಾಲಿಗಳ ನಡುವೆ ವಿದ್ಯುತ್ ನಿರೋಧವಿಲ್ಲದ ಕಾರಣ ಎರಡು ಹಳಿಯ ಡಿಸಿಸಿ ಮೇಲೆ ಇಟ್ಟೊಡನೆ ಶಾರ್ಟ್ ಸರ್ಕಿಟ್ ಆಗುತ್ತದೆ. ಬ್ಲೂಟೂತ್ ಅಥವಾ ರೇಡಿಯೊ ಮೂಲಕವೇ ಆಜ್ಞೆ ಪಡೆಯುವ ಇಂಜಿನ್‌ಗಳಿಗೂ ಹಳಿಯ ಸಂಕೇತ ತಿಳಿಯದು.

ಇಂಜಿನ್ ಮತ್ತೆ ಓಡತೊಡಗಿದಾಗ ಅದರ ವಿಳಾಸ, ಸಿವಿ 29ರ ಮೌಲ್ಯ, ಡಿಕೋಡರ್‌ನ ತಯಾರಕರ ಹೆಸರು ಇವನ್ನು ಚೀಟಿಯಲ್ಲಿ ಬರೆದು ಅದೇ ಡಬ್ಬಿಯಲ್ಲಿ ಇಡುವುದು ಒಳ್ಳೆಯದು. ಕೆಲವು ವರ್ಷಗಳ ನಂತರ ಅಟ್ಟದಿಂದ ಇಳಿಸಿದವರಿಗೆ ಇಡೀ ಪರೀಕ್ಷೆಯ ಶ್ರಮ ತಪ್ಪುತ್ತದೆ.