ನಿರ್ಗಮಿತ ನ್ಯಾಸಧಾರಿಯ ಹಸ್ತಾಂತರ ಹೊಣೆ

ನ್ಯಾಸಧಾರಿಯು (ಟ್ರಸ್ಟಿ) ತನ್ನ ಸ್ಥಾನದಿಂದ ಬಿಡುಗಡೆ ಹೊಂದಿದಾಗ, ತನ್ನ ವಶದಲ್ಲಿರುವ ನ್ಯಾಸದ ಹಣ, ಆಸ್ತಿ, ಹಕ್ಕುಪತ್ರ ಹಾಗೂ ಲೆಕ್ಕಪುಸ್ತಕಗಳನ್ನು ಉತ್ತರಾಧಿಕಾರಿಗೆ ಒಪ್ಪಿಸಬೇಕಾದ ಕರ್ತವ್ಯವನ್ನು ಹಸ್ತಾಂತರ ಹೊಣೆ ಎನ್ನಬಹುದು. ಕಚೇರಿಗಳಲ್ಲಿ ಪ್ರಭಾರ ವಹಿಸಿಕೊಡುವ ಪದ್ಧತಿಯನ್ನು ಇದು ಮೇಲ್ನೋಟಕ್ಕೆ ಹೋಲುತ್ತದೆ. ಆದರೆ ನ್ಯಾಸದಲ್ಲಿ ಒಡೆತನವೇ ನ್ಯಾಸಧಾರಿಯ ಹೆಸರಿನಲ್ಲಿರುತ್ತದೆ, ಪ್ರಯೋಜನ ಮಾತ್ರ ಫಲಾನುಭವಿಗಳದು. ಆದ್ದರಿಂದ ಈ ಹೊಣೆ ಹೆಚ್ಚು ತೂಕದ್ದು.

ಖಾಸಗಿ ನ್ಯಾಸಗಳು

ಭಾರತದಲ್ಲಿ ಖಾಸಗಿ ನ್ಯಾಸಗಳಿಗೆ 1882ರ ಭಾರತೀಯ ಟ್ರಸ್ಟ್ ಅಧಿನಿಯಮ ಅನ್ವಯಿಸುತ್ತದೆ. ಒಮ್ಮೆ ಒಪ್ಪಿಕೊಂಡ ನ್ಯಾಸವನ್ನು ಸ್ವೇಚ್ಛೆಯಿಂದ ತ್ಯಜಿಸುವಂತಿಲ್ಲ (ಪ್ರಕರಣ 46). ರಾಜೀನಾಮೆ ಬರೆದಿಟ್ಟು ಮನೆಗೆ ನಡೆದ ಮಾತ್ರಕ್ಕೆ ಬಿಡುಗಡೆಯಾಗದು. ನ್ಯಾಸಪತ್ರದಲ್ಲಿ ವಿಧಿಸಿದ ಕ್ರಮ, ಹೊಸಬರ ನೇಮಕ, ಕರಾರಿಗೆ ಅರ್ಹರಾದ ಫಲಾನುಭವಿಗಳೆಲ್ಲರ ಸಮ್ಮತಿ, ನ್ಯಾಯಾಲಯದ ಆದೇಶ ಮುಂತಾದ ಮಾರ್ಗಗಳನ್ನು 71ನೆಯ ಪ್ರಕರಣ ಹೇಳುತ್ತದೆ.

ಹೊಸ ನ್ಯಾಸಧಾರಿ ನೇಮಕಗೊಂಡೊಡನೆ, ಮುಂದುವರಿಯುತ್ತಿರುವ ನ್ಯಾಸಧಾರಿಗಳಲ್ಲಾಗಲಿ ಮೃತರ ಕಾನೂನುಬದ್ಧ ಪ್ರತಿನಿಧಿಗಳಲ್ಲಾಗಲಿ ಇದ್ದ ಆಸ್ತಿಯ ಹಕ್ಕು ಅವನಿಗೂ ಸಲ್ಲುತ್ತದೆ (ಪ್ರಕರಣ 75). ಹಕ್ಕು ಹೀಗೆ ಬಂದರೂ ವಶ ತಾನಾಗಿ ಬಾರದು. ಬ್ಯಾಂಕಿನಲ್ಲಿ ಹಳಬರ ಸಹಿಯೇ ನಡೆಯುತ್ತಿರುತ್ತದೆ. ಠೇವಣಿ ರಸೀದಿ ಅವರ ಕಪಾಟಿನಲ್ಲೇ ಉಳಿದಿರುತ್ತದೆ. ವ್ಯಾಜ್ಯಗಳು ಬಹುಮಟ್ಟಿಗೆ ಹುಟ್ಟುವುದು ಈ ಅಂತರದಲ್ಲಿ.

ಉತ್ತರಾಧಿಕಾರಿ ಎಂಬ ಕಾರಣಕ್ಕೆ ಹೊಸಬನು ಹಿಂದಿನವನ ತಪ್ಪುಗಳಿಗೆ ಹೊಣೆಯಲ್ಲ (ಪ್ರಕರಣ 25). ಹಾಗೆಂದು ಬಾಕಿಯನ್ನು ಕಂಡೂ ಸುಮ್ಮನಿರುವಂತಿಲ್ಲ. ಆಸ್ತಿಯ ರಕ್ಷಣೆಗೆ ಬೇಕಾದ ದಾವೆ ನಡೆಸುವುದು 13ನೆಯ ಪ್ರಕರಣದಂತೆ ಅವನ ಕರ್ತವ್ಯ. ಇತ್ತ ನಿರ್ಗಮಿತನು ನ್ಯಾಸಕ್ಕಾಗಿ ಕೈಯಿಂದ ಮಾಡಿದ ಯುಕ್ತ ಖರ್ಚನ್ನು ಬಡ್ಡಿಸಹಿತ ಪಡೆಯಲು ಆಸ್ತಿಯ ಮೇಲೆ ಮೊದಲ ಋಣಭಾರ ಹೊಂದಿರುತ್ತಾನೆ (ಪ್ರಕರಣ 32). ಈ ನೆಪದಲ್ಲಿ ಇಡೀ ನಿಧಿಯನ್ನೇ ಬಿಟ್ಟುಕೊಡದಿರುವುದು ಬೇರೆಯೇ ಮಾತು. ದುರುದ್ದೇಶದಿಂದ ಹಣ ಬಳಸಿಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ 316ನೆಯ ಪ್ರಕರಣದ ಅಪರಾಧ.

ಕಾಲಮಿತಿಯ ಆಸರೆಯೂ ಅವನಿಗಿಲ್ಲ. ನಿರ್ದಿಷ್ಟ ಉದ್ದೇಶಕ್ಕಾಗಿ ನ್ಯಾಸರೂಪದಲ್ಲಿ ಆಸ್ತಿ ಪಡೆದವನಿಂದ ಅದನ್ನು ವಸೂಲು ಮಾಡುವ ದಾವೆಗೆ 1963ರ ಕಾಲಪರಿಮಿತಿ ಅಧಿನಿಯಮದ 10ನೆಯ ಪ್ರಕರಣ ಯಾವ ಗಡುವನ್ನೂ ವಿಧಿಸುವುದಿಲ್ಲ.

ಸಾರ್ವಜನಿಕ ನ್ಯಾಸಗಳು

ಧಾರ್ಮಿಕ ಮತ್ತು ದತ್ತಿ ಸಂಸ್ಥೆಗಳಿಗೆ 1882ರ ಅಧಿನಿಯಮ ನೇರವಾಗಿ ಅನ್ವಯಿಸದು. ಅಲ್ಲಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಪ್ರಕರಣ ಮುಖ್ಯವಾದುದು. ವಜಾಗೊಂಡ ಅಥವಾ ಸ್ಥಾನ ಕಳೆದುಕೊಂಡ ನ್ಯಾಸಧಾರಿಯು ತನ್ನ ವಶದ ಆಸ್ತಿಯನ್ನು ಅರ್ಹರಿಗೆ ಒಪ್ಪಿಸುವಂತೆ ನ್ಯಾಯಾಲಯ ನಿರ್ದೇಶಿಸಬಹುದೆಂಬ ಸ್ಪಷ್ಟ ಮಾತು ಇದರಲ್ಲಿ ಸೇರಿದ್ದು 1956ರ ತಿದ್ದುಪಡಿಯಿಂದ. ದಾವೆಯನ್ನು ಅಡ್ವೊಕೇಟ್ ಜನರಲ್ ಹೂಡಬಹುದು. ಇಲ್ಲವೇ ನ್ಯಾಸದಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು ಹೂಡಬಹುದು.