ಮುಟ್ಟಿ ನೋಡುವ ಲಿಲಾವಿನಿಂದ ಫೋಟೊ ನೋಡುವ ಲಿಲಾವಿಗೆ

ಹುಬ್ಬಳ್ಳಿಯ ಗೋಕುಲ ರಸ್ತೆ ಗಾಡಿಗಳ ರಸ್ತೆ. ಹೊಸ ಬಸ್ ನಿಲ್ದಾಣ, ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಕೈಗಾರಿಕಾ ವಸಾಹತು, ವಿಮಾನ ನಿಲ್ದಾಣ ಎಲ್ಲವೂ ಇದೇ ದಾರಿಯಲ್ಲಿವೆ. ಹಳೇ ಗಾಡಿ ಕೊಳ್ಳಲು ಬಂದವರು ಸುತ್ತ ಒಂದು ಸುತ್ತು ಹಾಕಿ, ಟೈರಿಗೆ ಒದ್ದು, ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿಸಿ ಶಬ್ದ ಕೇಳಿಯೇ ರೇಟು ಮಾತಾಡುತ್ತಿದ್ದರು. ಈಗ ಆ ಸುತ್ತು ಮೊಬೈಲಿನಲ್ಲೇ ಶುರುವಾಗುತ್ತದೆ. ಫೋಟೊ ಸರಿ ಇಲ್ಲದಿದ್ದರೆ ಗಿರಾಕಿ ಫೋನೇ ಮಾಡುವುದಿಲ್ಲ.

ಇದು ಹೇಗೆ ಬಂತು ಎಂದು ತಿಳಿದರೆ ಫೋಟೊ ಹೇಗೆ ತೆಗೆಯಬೇಕು ಎಂಬುದೂ ತಿಳಿಯುತ್ತದೆ.

ನಮ್ಮ ದನದ ಸಂತೆ ನೆನಪಿಸಿಕೊಳ್ಳಿ. ಅಲ್ಲಿ ದರ ಗುಟ್ಟು, ಮಾಲು ಬಯಲು. ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸಿದರೂ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸದೆ, ನಾಲ್ಕು ಹೆಜ್ಜೆ ನಡೆಸದೆ ಯಾರೂ ಹಣ ಬಿಚ್ಚುತ್ತಿರಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲೂ ಅಷ್ಟೇ. ಖರೀದಿದಾರ ಕಾಯಿ ಹಿಡಿದು ಬಣ್ಣ, ಸುಕ್ಕು, ಹಸಿ ನೋಡಿಯೇ ದರ ಬರೆಯುತ್ತಾನೆ.

2014ರಲ್ಲಿ ಕರ್ನಾಟಕ ಸರ್ಕಾರ ಎಪಿಎಂಸಿಗಳಿಗೆ ಏಕೀಕೃತ ಆನ್‌ಲೈನ್ ಮಾರುಕಟ್ಟೆ ತಂದಿತು. 2016ರ ಏಪ್ರಿಲ್ 14ರಂದು ಕೇಂದ್ರದ ಇ-ನಾಮ್ ಶುರುವಾಯಿತು. ದರ ಕಂಪ್ಯೂಟರಿಗೆ ಹೋಯಿತು. ಆದರೆ ಮಾಲು ಅಂಗಳದಲ್ಲೇ ಉಳಿದದ್ದರಿಂದ ವರ್ತಕ ಬಂದು ಮುಟ್ಟಿ ನೋಡುವುದು ತಪ್ಪಲಿಲ್ಲ.

ಮುಟ್ಟುವುದೇ ಇಲ್ಲದ ಲಿಲಾವು ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. 1995ರಲ್ಲಿ ಪಿಯರ್ ಒಮಿಡಿಯಾರ್ ಎಂಬ ಎಂಜಿನಿಯರ್ ಒಂದು ಹರಾಜು ತಾಣ ಮಾಡಿದ. ಅದೇ ಮುಂದೆ ಈಬೇ ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟಿದೆ ಎಂಬುದು ಗೊತ್ತಿದೆಯೇ ಎಂದು ಒಮಿಡಿಯಾರ್ ಕೇಳಿದಾಗ, ಕೆಟ್ಟವನ್ನೇ ಕೂಡಿಡುವ ಹವ್ಯಾಸ ನನ್ನದು ಎಂದನಂತೆ ಕೊಂಡವ. ಐಬು ಮೊದಲೇ ಹೇಳಿದ್ದ ಮಾಲಿಗೂ ಗಿರಾಕಿ ಸಿಕ್ಕ.

ಭಾರತಕ್ಕೆ ಈ ಪದ್ಧತಿ ತಂದವರಲ್ಲಿ 2000ದಲ್ಲಿ ಶುರುವಾದ ಬಾಜಿ ಡಾಟ್ ಕಾಮ್ ಪ್ರಮುಖ. 2004ರಲ್ಲಿ ಈಬೇ ಅದನ್ನು ಕೊಂಡಿತು. ಆಗ ಒಂದು ಫೋಟೊ ಹಾಕುವುದೂ ದೊಡ್ಡ ಕೆಲಸ. ರೀಲು ತೊಳೆಸಿ, ಪ್ರಿಂಟ್ ಹಾಕಿಸಿ, ಸ್ಕ್ಯಾನ್ ಮಾಡಿಸಿ, ಸೈಬರ್ ಕೆಫೆಯಲ್ಲಿ ಕೂತು ಏರಿಸಬೇಕಿತ್ತು. ಕ್ಯಾಮೆರಾ ಮೊಬೈಲು, ಅಗ್ಗದ ಡೇಟಾ ಬಂದ ಮೇಲೆ ಆ ಖರ್ಚು ಹೋಯಿತು. ಆದರೆ ಸಂಶಯ ಹೋಗಲಿಲ್ಲ.

ನೀರಿನಲ್ಲಿರುವ ಎಮ್ಮೆಯನ್ನು ದಂಡೆಯ ಮೇಲೆ ನಿಂತು ವ್ಯಾಪಾರ ಮಾಡುವುದು ಎನ್ನುತ್ತೇವಲ್ಲ, ಗಿರಾಕಿಯ ಪಾಡು ಅದೇ. ಕಾಣದ ಭಾಗಕ್ಕೆ ಅವನು ಒಳ್ಳೆಯದನ್ನು ಊಹಿಸುವುದಿಲ್ಲ, ರೇಟು ಇಳಿಸುತ್ತಾನೆ. 1970ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೇ ಕಾರುಗಳ ಉದಾಹರಣೆ ಇಟ್ಟು ಇದನ್ನೇ ಬರೆದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಗೊತ್ತಾಗದಿದ್ದರೆ ಗಿರಾಕಿ ಎಲ್ಲಕ್ಕೂ ಕಡಿಮೆ ದರವನ್ನೇ ಕೇಳುತ್ತಾನೆ. ಒಳ್ಳೇ ಗಾಡಿಯವನು ಮಾರುವುದನ್ನೇ ಬಿಡುತ್ತಾನೆ. ಇಂಥ ಕೆಲಸಕ್ಕಾಗಿ ಅವರಿಗೆ 2001ರಲ್ಲಿ ನೊಬೆಲ್ ಬಂತು. 2011ರಲ್ಲಿ ಗ್ರೆಗರಿ ಲೂಯಿಸ್ ಎಂಬ ಸಂಶೋಧಕರು ಈಬೇಯ ಹಳೇ ವಾಹನಗಳ ಹರಾಜನ್ನು ಲೆಕ್ಕ ಹಾಕಿದರು. ಫೋಟೊ ಮತ್ತು ವಿವರ ಬೆಲೆಯನ್ನು ಗಟ್ಟಿಯಾಗಿ ಪ್ರಭಾವಿಸುತ್ತವೆ ಎಂದು ಕಂಡುಬಂತು.

ಅಂದರೆ ಫೋಟೊ ಅಲಂಕಾರವಲ್ಲ. ಸಂತೆಯಲ್ಲಿ ಗಿರಾಕಿಯ ಕೈ ಮಾಡುತ್ತಿದ್ದ ಕೆಲಸವನ್ನು ಅದು ಮಾಡಬೇಕು. ಗಿರಾಕಿಯ ಕೈ ಎಲ್ಲೆಲ್ಲಿ ಹೋಗುತ್ತಿತ್ತೋ ಕ್ಯಾಮೆರಾ ಅಲ್ಲೆಲ್ಲ ಹೋಗಬೇಕು.

ಟ್ರ್ಯಾಕ್ಟರ್ ಮಾರುತ್ತೀರಿ ಎನ್ನಿ. ಮೊದಲು ಮೊಬೈಲಿನ ಲೆನ್ಸ್ ಮೆತ್ತನೆ ಬಟ್ಟೆಯಿಂದ ಒರೆಸಿ. ಮುಂಜಾನೆ ಅಥವಾ ಇಳಿಹೊತ್ತಿನ ಬೆಳಕಿನಲ್ಲಿ, ಬಣವೆ, ದನ, ಮಕ್ಕಳು ಹಿಂದೆ ಬಾರದಂತೆ ಬಯಲಲ್ಲಿ ನಿಲ್ಲಿಸಿ. ಸೂರ್ಯ ನಿಮ್ಮ ಬೆನ್ನಿಗಿರಲಿ. ನಾಲ್ಕೂ ಕಡೆಯಿಂದ ಒಂದೊಂದು, ಎಂಜಿನ್, ಮೀಟರ್, ಟೈರಿನ ಸವೆತ ಹತ್ತಿರದಿಂದ ಒಂದೊಂದು ತೆಗೆಯಿರಿ. ತುಕ್ಕು, ಬೆಸುಗೆ, ಸೀಳು ಇದ್ದರೆ ಅದನ್ನೂ ತೆಗೆದು ಹಾಕಿ. ಮುಚ್ಚಿಟ್ಟ ತುಕ್ಕು ಹೇಗೂ ಮನೆಗೆ ಬಂದವನಿಗೆ ಕಾಣುತ್ತದೆ. ಆಗ ಅವನು ತುಕ್ಕಿಗಷ್ಟೇ ಅಲ್ಲ, ನಿಮ್ಮ ಮಾತಿಗೂ ರೇಟು ಇಳಿಸುತ್ತಾನೆ.

ಸಣ್ಣ ವಸ್ತುವಾದರೆ ಪಕ್ಕದಲ್ಲಿ ಒಂದು ನಾಣ್ಯ ಇಡಿ, ಅಳತೆ ತಿಳಿಯುತ್ತದೆ. ಮೆಣಸಿನಕಾಯಿಯಾದರೆ ಬಿಳಿ ಬಟ್ಟೆಯ ಮೇಲೆ ಹರಡಿ, ರಾಶಿಯ ಒಳಗಿನ ಕಾಯಿಯೂ ಕಾಣಲಿ. ಬಣ್ಣ ಏರಿಸುವ ಫಿಲ್ಟರ್ ಬೇಡವೇ ಬೇಡ. ಆರ್‌ಸಿ, ಆಧಾರ್ ಕಾರ್ಡಿನ ಫೋಟೊ ಎಲ್ಲರಿಗೂ ಕಾಣುವಂತೆ ಹಾಕಬೇಡಿ.

ಕೊಳ್ಳುವವರಿಗೂ ಒಂದು ಮಾತು. ಬೇರೆಯವರ ಫೋಟೊ ಹಾಕಿ ಮುಂಗಡ ಕೀಳುವವರಿದ್ದಾರೆ. ಇವತ್ತಿನ ಪೇಪರ್ ಪಕ್ಕದಲ್ಲಿಟ್ಟು ಹೊಸ ಫೋಟೊ ಕಳಿಸಿ ಎಂದು ಕೇಳಿ. ನಿಜವಾಗಿ ಮಾಲು ಇದ್ದವನಿಗೆ ಅದು ಎರಡು ನಿಮಿಷದ ಕೆಲಸ. ಸರ್ಕಾರಿ ಇ-ಹರಾಜುಗಳಲ್ಲಿ ‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತು ಸಾಮಾನ್ಯ. ಬಿಡ್ ಗೆದ್ದ ಮೇಲೆ ಹೀಗಿದೆ, ಹಾಗಿದೆ ಎಂದರೆ ನಡೆಯುವುದಿಲ್ಲ. ಅದಕ್ಕೇ ಮಾಲು ನೋಡಲು ದಿನ ಕೊಟ್ಟಿರುತ್ತಾರೆ. ಎಷ್ಟೇ ಒಳ್ಳೆಯ ಫೋಟೊ ಇದ್ದರೂ ಇಎಂಡಿ ಕಟ್ಟುವ ಮೊದಲು ಆ ದಿನ ಹೋಗಿ, ಒಂದು ಸುತ್ತು ಹಾಕಿ, ಟೈರಿಗೆ ಒದ್ದು ಬನ್ನಿ.